ಯಜಮಾನರ ಮುಖ, ಅವ್ವನ ಹಪ್ಪಳ

ಬೇರೆಯವರ ಮನೆಗೆ ಪೇಪರ್ ಬರುತ್ತದೆ, ಓದುತ್ತಾರೆ, ರದ್ದಿಗೆ ಹಾಕುತ್ತಾರೆ, ಮುಗೀತು. ನಮ್ಮ ಮನೆಗೆ ಪೇಪರ್ ಬಂದರೆ ಏನಾದರೊಂದು ಆಗಿಯೇ ಆಗುತ್ತದೆ, ಆದಮೇಲೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಚೇಷ್ಟೆ ಮಾಡಿ ಬೈಸಿಕೊಂಡರೆ ನನ್ನದೇನೂ ತಕರಾರಿಲ್ಲ ನೋಡ್ರಿ, ಅದು ನ್ಯಾಯ. ಆದರೆ ಖರೇ ಹೇಳಿದಾಗಲೂ, ಸುಮ್ಮನೆ ನಿಂತಾಗಲೂ, ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿದಾಗಲೂ ಬೈಗುಳ ಬಂದರೆ ಹೊಟ್ಟೆ ಉರಿಯುವುದಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಓದಿ ನೀವೇ ಹೇಳಿ, ಇದರಲ್ಲಿ ನನ್ನ ತಪ್ಪು ಎಷ್ಟು, ಪೇಪರಿನದು ಎಷ್ಟು.

ಓದಲು ಬಾರದವನೇ ಬೇಕು

ನಾನು ಶಾಲೆ ಬಿಟ್ಟದ್ದಲ್ಲ, ಶಾಲೆಯೇ ನನ್ನನ್ನು ಬಿಟ್ಟದ್ದು. ಕೆನಡಾದ ನಮ್ಮ ನಾರ್ತ್ ಯಾರ್ಕಿನಲ್ಲಿ ಆಗ ಮನೆ ಮಾರಾಟದ ಹುಚ್ಚು. ಓಣಿ ತುಂಬ ‘ಮಾರಾಟಕ್ಕಿದೆ’ ಬೋರ್ಡು. ಅದರಲ್ಲೊಂದನ್ನು ಕಿತ್ತು ನಮ್ಮ ಹೈಸ್ಕೂಲಿನ ಹುಲ್ಲಿನ ಮೇಲೆ ನೆಟ್ಟೆ, ಅಷ್ಟೇ. ಮಧ್ಯಾಹ್ನದೊಳಗೆ ಒಂದು ಕುಟುಂಬ ಕಾರಿನಲ್ಲಿ ಬಂದಿಳಿದು, ಪ್ರಿನ್ಸಿಪಾಲರನ್ನು ಹುಡುಕಿಕೊಂಡು ಹೋಗಿ, ಬೇಸ್‌ಮೆಂಟು ಬಾಡಿಗೆಗೆ ಕೊಡಬಹುದಾ ಅಂತ ಕೇಳಿತು. ಅವರು ಕೇಳಿದ್ದಕ್ಕೆ ನಾನು ಹೊಣೆಯೇ? ಗಣಿತದಲ್ಲಿ ಮೊದಲೇ ನಪಾಸಾಗಿದ್ದೆ, ಈ ಬೋರ್ಡು ಕೊನೆಯ ಮೊಳೆ ಆಯಿತು.

ಅಪ್ಪ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಭಾರದ ಸಾಮಾನನ್ನು ಸದ್ದಿಲ್ಲದೆ ಇಳಿಸಿ ರೂಢಿಯಾದ ಮನುಷ್ಯ, ಮಾತೂ ಹಾಗೆಯೇ. ಒಂದು ದಿನ ಊಟದ ನಡುವೆ, ದನಿ ಏರಿಸದೆ, “ಒಂದು ಕೆಲಸ ಹಿಡಿ. ಅದರಾಗ ನಿಲ್ಲು. ಅಲ್ಲಿಂದನೂ ಹೊರಗ ಹಾಕಿಸಿಕೊಂಡ್ಯೋ, ಧಾರವಾಡದ ಟಿಕೆಟ್ ತಗಸ್ತೀನಿ,” ಅಂದ. ಧಾರವಾಡದಲ್ಲಿ ದೊಡ್ಡಪ್ಪ ಇದ್ದಾನೆ. ರಿಟೈರಾದ ಪಿ.ಟಿ. ಮಾಸ್ತರು. ಈಗಲೂ ಬೆಳಗಾದರೆ ಸೀಟಿ ಊದಿ ಮನೆಮಂದಿಯನ್ನು ಎಬ್ಬಿಸಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಆಮೇಲೆ ಚಹಾ ಕೊಡಿಸುತ್ತಾನೆ. ನನ್ನ ಜೀವ ಹೋಗಲಿ, ಆ ಸಾಲಿನಲ್ಲಿ ನಾನು ನಿಲ್ಲಲಾರೆ.

ಹೀಗಾಗಿ ನಾನು ಪಕ್ಕದ ಊರಾದ ಮಾರ್ಕಮ್‌ನ ಒಂದು ಪ್ಲಾಜಾದ ಮೇಲಂತಸ್ತಿಗೆ ಹೋದೆ. ಕೆಳಗೆ ಹಲ್ಲಿನ ಡಾಕ್ಟರು, ಬಾಜೂ ಟ್ಯೂಷನ್ ಕ್ಲಾಸು, ನಡುವೆ ಒಂದು ಚೀನೀ ಪೇಪರಿನ ಆಫೀಸು. ಚೀನಾ ಸರಕಾರದ್ದೇ ಪೇಪರು. ಸಿನಿಮಾ ಇಲ್ಲ, ಕ್ರಿಕೆಟ್ ಅಂತೂ ಇಲ್ಲವೇ ಇಲ್ಲ. ಬರೀ ಬ್ಯಾಂಕು, ಬಂದರು, ಉಕ್ಕು, ಸಿಮೆಂಟು. ಇಲ್ಲಿಯ ಚೀನೀಯರಿಗಾಗಿ ವಾರಕ್ಕೊಮ್ಮೆ ಬರುತ್ತದೆ, ಪುಕ್ಕಟೆ. ಮಾಲ್‌ಗಳಲ್ಲಿರುವ ಅದರ ಪೆಟ್ಟಿಗೆಗಳಿಗೆ ಪ್ರತಿ ಶುಕ್ರವಾರ ಪೇಪರ್ ತುಂಬುವವನು ಬೇಕಾಗಿದ್ದ.

ಮ್ಯಾನೇಜರು ಒಬ್ಬರೇ ಇದ್ದರು. ಕರಿ ಕೋಟು, ಇಸ್ತ್ರಿ ಮಾಡಿದ ಮುಖ. ಚೀನೀ ಓದಲು ಬರುತ್ತದೆಯೇ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಹೂಂ ಅನ್ನೋಣವೆಂದು ನಾಲಿಗೆ ಏಳುತ್ತಿತ್ತು. ಅಪ್ಪನ ಟಿಕೆಟ್ ನೆನಪಾಗಿ ಖರೇ ಹೇಳಿದೆ, ಒಂದಕ್ಷರವೂ ಬಾರದು ಅಂತ. “ಒಳ್ಳೆಯದು. ನಾಳೆಯಿಂದ ಬಾ,” ಅಂದರು.

ನನಗಿಂತ ಮುಂಚೆ ಇದ್ದವನಿಗೆ ಓದಲು ಬರುತ್ತಿತ್ತಂತೆ. ಪೆಟ್ಟಿಗೆಗೆ ಹಾಕುವ ಮೊದಲು ಅಲ್ಲೇ ನಿಂತು ಓದುತ್ತಿದ್ದನಂತೆ. ಓದಿದ್ದು ಸರಿ, ಒಂದು ದಿನ ಉಕ್ಕಿನ ಉತ್ಪಾದನೆಯ ಸುದ್ದಿ ಓದಿ ಎಲ್ಲರೆದುರು ನಕ್ಕುಬಿಟ್ಟನಂತೆ. “ಇದು ನಗುವ ಪೇಪರಲ್ಲ,” ಅಂದರು ಮ್ಯಾನೇಜರು. ಆಮೇಲೆ ನಿಯಮ ಹೇಳಿದರು. ಮುಖಪುಟದಲ್ಲಿ ದೊಡ್ಡವರ ಫೋಟೋ ಇರುತ್ತದೆ, ಆದ್ದರಿಂದ ಪೇಪರು ನೆಲಕ್ಕೆ ಬೀಳಬಾರದು, ಕಸದ ಡಬ್ಬಿಗೆ ಹೋಗಬಾರದು, ಹರಿಯಬಾರದು, ಅದರಲ್ಲಿ ಏನನ್ನೂ ಸುತ್ತಬಾರದು. ಮಿಕ್ಕಿದ್ದನ್ನು ಜೋಪಾನ ಮಾಡಿ ತಂದು ಒಪ್ಪಿಸಬೇಕು.

ಮನೆಗೆ ಬಂದು ಕೆಲಸ ಸಿಕ್ಕಿತು ಅಂದೆ. ಹೇಗೆ ಸಿಕ್ಕಿತು ಅಂತ ಅಪ್ಪ ಕೇಳಿದ. ಓದಲು ಬರುವುದಿಲ್ಲ ಅಂತ ಕೊಟ್ಟರು ಅಂದೆ. ಖರೇ ತಾನೆ? ಅಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಇದೂ ಒಂದು ಚೇಷ್ಟೆ ಅಂತ ತಿಳಿದು, ನನ್ನ ಎದುರಿಗೇ ಮ್ಯಾನೇಜರಿಗೆ ಫೋನು ಹಚ್ಚಿದ. ಆ ಕಡೆಯಿಂದ ಅವರೂ ಅದನ್ನೇ ಹೇಳಿದರು. ಅಪ್ಪ ಫೋನು ಕೆಳಗಿಟ್ಟು ಅವ್ವನಿಗೆ ಅಂದ: “ಟ್ಯೂಷನ್ ಹಚ್ಚಿದ್ದು ದಂಡ ಆತು ನೋಡ. ಹಚ್ಚದಿದ್ದರ ಮೊದಲ ಕೆಲಸ ಸಿಗತಿತ್ತು.”

ತುಳಿದದ್ದು ಪಿಜ್ಜಾ

ಮಾರ್ಕಮ್‌ನ ದೊಡ್ಡ ಮಾಲ್‌ನಲ್ಲಿ ನಮ್ಮ ಪೆಟ್ಟಿಗೆ ಇರುವುದು ಮೀನಿನ ಅಂಗಡಿಯ ಪಕ್ಕ. ನೆಲ ಸದಾ ಒದ್ದೆ. ಕಟ್ಟು ಬಿಚ್ಚುವಾಗ ಪೇಪರು ಜಾರುತ್ತದೆ, ಹಿಡಿಯಲು ಹೋದರೆ ಕಾಲು ಅದರ ಮೇಲೇ ಬೀಳುತ್ತದೆ. ಬಿದ್ದ ಕೂಡಲೇ ನನ್ನ ಕೈ ತಾನೇ ಕೆಳಗೆ ಹೋಗಿ, ಪೇಪರನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳುತ್ತದೆ. ಇದು ಭಕ್ತಿಯಲ್ಲ ಮತ್ತೆ. ಸಣ್ಣವನಿದ್ದಾಗಿನಿಂದ, ಪುಸ್ತಕಕ್ಕೆ ಕಾಲು ತಾಗಿದರೆ ಸರಸ್ವತಿ ಅಂತ ಅವ್ವ ಬೆನ್ನಿಗೆ ಕೊಟ್ಟು ಕೊಟ್ಟು ಮಾಡಿಸಿದ ರೂಢಿ. ಅವ್ವ ಮಾರ್ಕಮ್‌ನಲ್ಲಿ ಇಲ್ಲ ಅನ್ನುವುದು ನನಗೆ ಗೊತ್ತು, ನನ್ನ ಕೈಗೆ ಗೊತ್ತಿಲ್ಲ.

ಎದುರಿನ ಬೆಂಚಿನ ಮೇಲೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂಡುವ ಚೀನೀ ಅಜ್ಜ ಒಬ್ಬರು ಇದನ್ನು ವಾರವಾರವೂ ನೋಡಿದ್ದಾರೆ. ಕಾಲು ಅವರಿಗೆ ಕಂಡಿಲ್ಲ, ಕೈ ಮಾತ್ರ ಕಂಡಿದೆ. ನೇರ ಆಫೀಸಿಗೆ ಫೋನು ಮಾಡಿ, ನಿಮ್ಮ ಹುಡುಗ ಪೇಪರಿಗೆ ನಮಸ್ಕಾರ ಮಾಡಿ ಪೆಟ್ಟಿಗೆಗೆ ಇಡುತ್ತಾನೆ ಅಂದಿದ್ದಾರೆ. ಮುಂದಿನ ಶುಕ್ರವಾರ ಮ್ಯಾನೇಜರು ಕ್ಯಾಮೆರಾ ಹಿಡಿದುಕೊಂಡು ಬಂದೇಬಿಟ್ಟರು. ಕೆನಡಾದಲ್ಲಿ ಈ ಪೇಪರಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ, ಮಾಡು ನೋಡೋಣ ಅಂದರು.

ನಾನು ಬಗ್ಗಿ ಮುಟ್ಟಿದೆ. ಬಿದ್ದ ಚಿಲ್ಲರೆ ಹುಡುಕಿದ ಹಾಗೆ ಬಂತು. ಮತ್ತೆ ಮಾಡಿದೆ. ಬೆನ್ನು ನೋವಿನವನ ಹಾಗೆ ಬಂತು. ಆಗಲೂ ನಾನು ಖರೇ ಹೇಳಿದೆ ನೋಡ್ರಿ, ಅಲ್ಲೇ ತಪ್ಪಿದ್ದು: ಸರ್, ಮೊದಲು ತುಳಿಯಬೇಕು, ತುಳಿಯದೆ ಕೈ ಸರಿಯಾಗಿ ಹೋಗುವುದಿಲ್ಲ.

ಅವರ ಮುಖದ ಇಸ್ತ್ರಿ ಕೆಟ್ಟಿತು. ನಾನು ಗಾಬರಿಯಾಗಿ ಸರಸ್ವತಿಯ ವಿಷಯ ಎಲ್ಲ ವಿವರಿಸಿದೆ. ವಿದ್ಯೆಯ ದೇವತೆ, ಅಕ್ಷರ ಎಲ್ಲಿದ್ದರೂ ಅವಳೇ, ಇದು ಅವಳ ಕ್ಷಮೆ ಕೇಳುವುದು. ಅವರು ಸ್ವಲ್ಪ ಯೋಚಿಸಿ ಕೇಳಿದರು: “ನಿಮ್ಮ ದೇವತೆ ನಮ್ಮ ಪೇಪರ್ ಓದುತ್ತಾಳಾ?”

“ಎಲ್ಲಾ ಪೇಪರ್ ಓದುತ್ತಾಳೆ ಸರ್.”

“ಹಾಗಿದ್ದರೆ ಸರಿ,” ಅಂದರು. ಆದರೆ ತುಳಿಯಲು ಬಿಡಲಿಲ್ಲ. ಸುತ್ತ ನೋಡಿ, ಪಿಜ್ಜಾ ಅಂಗಡಿಯ ಒಂದು ಜಾಹೀರಾತಿನ ಹಾಳೆ ತಂದು ನನ್ನ ಕಾಲ ಬುಡಕ್ಕೆ ಹಾಕಿದರು. ಪಿಜ್ಜಾ ತುಳಿದೆ, ಕೈ ತಾನಾಗಿ ಹೋಯಿತು, ನಡುವೆ ಅವರು ಪೇಪರು ಹಿಡಿದರು, ಫೋಟೋ ಚೆಂದ ಬಂತು. ಮುಂದಿನ ವಾರ ಅಚ್ಚೂ ಆಯಿತು.

ಅವ್ವನಿಗೆ ತೋರಿಸಿದೆ. ಮಗನ ಫೋಟೋ ಪೇಪರಿನಲ್ಲಿ ಬಂದರೆ ಯಾವ ತಾಯಿಯಾದರೂ ಮೊದಲು ಮುಖ ನೋಡುತ್ತಾಳೆ. ನನ್ನ ಅವ್ವ ಕಾಲು ನೋಡಿದಳು. ಚಪ್ಪಲಿಯ ಅಡಿಯಿಂದ ಇಣುಕುವ ಹಾಳೆಯ ಮೂಲೆ ಹಿಡಿದು, ಇದೇನು ಅಂತ ಕೇಳಿದಳು. ಪಿಜ್ಜಾದ ಜಾಹೀರಾತು ಅಂದೆ. ಬೆನ್ನಿಗೆ ಬಿತ್ತು. “ಅದರ ಮ್ಯಾಲೂ ಅಕ್ಷರ ಇರತಾವಲ್ಲಲೇ. ಅದಕ್ಕ ಯಾರು ಕೈ ಮುಗೀಬೇಕು, ನಿಮ್ಮ ಮ್ಯಾನೇಜರನ?”

ಹಲ್ಲಿನ ಶಾಸ್ತ್ರ

ಫೋಟೋದ ಕೆಳಗೆ ಏನು ಬರೆದಿದೆ ಅಂತ ಮಾಲ್‌ನಲ್ಲಿ ಬಬಲ್ ಟೀ ಮಾರುವ ಚೀನೀ ಹುಡುಗಿಯ ಹತ್ತಿರ ಓದಿಸಿದೆ. ಅರ್ಥಶಾಸ್ತ್ರದಲ್ಲಿ ತೀವ್ರ ಆಸಕ್ತಿಯುಳ್ಳ ಭಾರತೀಯ ಮೂಲದ ಯುವಕ ಅಂತಿತ್ತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಿಲ್ಲರೆಯನ್ನು ಸರಿಯಾಗಿ ಎಣಿಸಿಕೊಂಡು ಹೋಗು ಅಂದಳು.

ನಾನು ಆಫೀಸಿಗೆ ಹೋಗಿ, ಸರ್, ನಾನು ಗಣಿತದಲ್ಲಿ ನಪಾಸಾದವನು, ಇದು ಸುಳ್ಳು, ತಿದ್ದಿ ಅಂದೆ. ಜೀವನದಲ್ಲಿ ಮೊದಲ ಸಲ ಒಂದು ಸುಳ್ಳಿನ ವಿರುದ್ಧ ನಿಂತಿದ್ದೆ. ಮ್ಯಾನೇಜರು ಸಮಾಧಾನವಾಗಿ ಹೇಳಿದರು, ತಿದ್ದುಪಡಿ ಹಾಕಲು ತಮ್ಮಲ್ಲಿ ಜಾಗವೇ ಇಟ್ಟಿಲ್ಲ, ಇಲ್ಲಿಯವರೆಗೆ ಅದರ ಅಗತ್ಯ ಬಿದ್ದಿಲ್ಲ.

ಅಪ್ಪ ಆ ಪುಟವನ್ನು ಕತ್ತರಿಸಿ, ಕನ್ನಡ ಸಂಘದ ದೀಪಾವಳಿ ಊಟಕ್ಕೆ ಕಿಸೆಯಲ್ಲಿಟ್ಟುಕೊಂಡು ಬಂದ. ಹೋಳಿಗೆ ಬಡಿಸುವವರಿಗೂ ತೋರಿಸಿದ. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮಹಡಿಯಲ್ಲಿ ಉಡುಪಿಯ ಅಂಕಲ್ ಒಬ್ಬರಿದ್ದಾರೆ, ಯಾಂಗ್ ಸ್ಟ್ರೀಟಿನ ಬ್ಯಾಂಕೊಂದರಲ್ಲಿ ಕೆಲಸ. ಶೇರು ಮಾರುಕಟ್ಟೆ ಅಂದರೆ ಜೀವ. ಅವರು ನನ್ನನ್ನು ಕೈತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, “ಚೀನಾದವರು ಎಂತ ಹೇಳ್ತಾರೆ ಮಾರಾಯ, ಮಾರ್ಕೆಟ್ ಮೇಲೆ ಹೋಗ್ಲಿಕ್ಕೆ ಉಂಟಾ?” ಅಂದರು.

ನನಗೆ ಏನೂ ಗೊತ್ತಿಲ್ಲ ಅಂದೆ. ಅವರು ತಲೆದೂಗಿದರು. ಓದಲೂ ಬರುವುದಿಲ್ಲ ಅಂದೆ. ಇನ್ನೂ ಜೋರಾಗಿ ತಲೆದೂಗಿದರು. ಮರುದಿನ ಅವರ ಮನೆಯಿಂದ ಒಂದು ಡಬ್ಬಿ ಪತ್ರೊಡೆ ಬಂತು. ಅಪ್ಪನಿಗೆ ಅವರು ಹೇಳಿದರಂತೆ, ನಿಮ್ಮ ಹುಡುಗ ಬಹಳ ದೊಡ್ಡವನಾಗುತ್ತಾನೆ, ನಮ್ಮ ಬ್ಯಾಂಕಿನ ಅತಿ ಮೇಲಿನವರು ಮಾತಾಡುವುದೂ ಹೀಗೆಯೇ, ಬಾಯಿಬಿಟ್ಟರೆ ಏನೂ ಗೊತ್ತಿಲ್ಲ ಅಂತಲೇ.

ನೋಡಿ, ಎಷ್ಟು ಸಲ ಒಬ್ಬ ಮನುಷ್ಯ ಖರೇ ಹೇಳಬಹುದು? ಲಿಫ್ಟಿನಲ್ಲಿ ಕೇಳಿದರು, ಲಾಂಡ್ರಿ ರೂಮಿನಲ್ಲಿ ಕೇಳಿದರು, ಹಿಮ ಬೀಳುವಾಗ ಬಸ್ ಸ್ಟಾಪಿನಲ್ಲಿ ಟೊಪ್ಪಿಗೆ ಸರಿಸಿ ಕೇಳಿದರು. ಕೊನೆಗೆ ನನ್ನ ನ್ಯಾಯದ ಸಿಟ್ಟು ನೆತ್ತಿಗೇರಿತು. ಖರೇ ಬೇಡವಾದರೆ ಇದನ್ನು ತಗೊಳ್ಳಿ ಅಂತ, ಗಂಭೀರವಾಗಿ ಹೇಳಿದೆ: “ಅಂಕಲ್, ಅಕ್ಷರ ನೋಡಬ್ಯಾಡ್ರಿ. ಮುಖಪುಟದಾಗಿನ ದೊಡ್ಡ ಮನಷ್ಯಾನ ಹಲ್ಲು ನೋಡ್ರಿ. ಹಲ್ಲು ಕಂಡವಂದರ ಮಾರ್ಕೆಟ್ ಏರತೈತಿ.”

ಅಂಕಲ್ ಭೂತಗನ್ನಡಿ ತಂದರು. ಪ್ರತಿ ಶನಿವಾರ ನನ್ನಿಂದ ಒಂದು ಪೇಪರು ತೆಗೆದುಕೊಂಡು ಹೋಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಈಗ ನೀವೇ ಹೇಳಿ, ಆ ಪೇಪರಿನಲ್ಲಿ ಎಂದಾದರೂ ಯಾರಾದರೂ ಹಲ್ಲು ಬಿಟ್ಟಾರೆಯೇ? ಸೇತುವೆ ಉದ್ಘಾಟನೆಯಾದರೂ ತುಟಿ ಬಿಗಿ, ಕಾರ್ಖಾನೆಗೆ ಬಹುಮಾನ ಬಂದರೂ ತುಟಿ ಬಿಗಿ. ಚಳಿಗಾಲ ಪೂರ್ತಿ ಕಳೆಯಿತು, ಒಂದು ಹಲ್ಲೂ ಕಾಣಲಿಲ್ಲ. ಅವರ ಹೆಂಡತಿ ನನ್ನ ಅವ್ವನ ಹತ್ತಿರ ಬಂದು ದುಃಖ ತೋಡಿಕೊಂಡರು: “ಆ ಪೇಪರಿನವರ ಹಲ್ಲು ಹುಡುಕಿ ಹುಡುಕಿ, ಇವರ ಹಲ್ಲು ಕಾಣದೆ ಎಷ್ಟು ದಿವಸ ಆಯ್ತು ಗೊತ್ತುಂಟಾ?”

ಅವ್ವ ನನ್ನ ಕಡೆ ತಿರುಗಿದಳು. ನಾನಾಗಲೇ ಮೆಟ್ಟಿಲಿಳಿಯುತ್ತಿದ್ದೆ.

ಅಕ್ಕಿ ಮತ್ತು ಅಕ್ಷರ

ಮಿಕ್ಕಿದ ಪೇಪರನ್ನು ಜೋಪಾನ ಮಾಡಿ ಒಪ್ಪಿಸಬೇಕು ಅಂದಿದ್ದರಲ್ಲ. ಜೋಪಾನ ನಾನು ಮಾಡಿದೆ. ಒಪ್ಪಿಸುವುದು ಉಳಿಯಿತು. ಯಾಕೆಂದರೆ ಕೊನೆಯ ಮಾಲ್‌ನಿಂದ ಆಫೀಸು ಒಂದು ಕಡೆ, ನಮ್ಮ ಮನೆ ಇನ್ನೊಂದು ಕಡೆ, ಮನೆಯ ಬಸ್ಸೇ ಮೊದಲು ಬರುತ್ತದೆ. ಬಂದ ಬಸ್ಸನ್ನು ಬಿಡಬೇಕೇ? ಎಲ್ಲ ಒಟ್ಟಿಗೆ ಒಂದು ದಿನ ಒಯ್ಯೋಣ ಅಂತ ಮನೆಯಲ್ಲಿಟ್ಟೆ. ಅವ್ವ ಅವುಗಳಿಗೆ ಕಾಲು ತಾಗಬಾರದು ಅಂತ ಬಾಲ್ಕನಿಯಲ್ಲಿ ಮಣೆ ಹಾಕಿ, ಅದರ ಮೇಲೆ ಒಟ್ಟಿ, ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಸಿದಳು. ಗಮನಿಸಿ, ಚೀನಾ ಸರಕಾರದ ನಿಯಮವೂ ನನ್ನ ಅವ್ವನ ನಿಯಮವೂ ಒಂದೇ. ಇಬ್ಬರ ನಡುವೆ ಹೊತ್ತು ಸತ್ತವನು ಮಾತ್ರ ನಾನು.

ಬೇಸಿಗೆ ಬಂತು. ಬೇಸಿಗೆ ಅಂದರೆ ಅವ್ವನಿಗೆ ಅಕ್ಕಿ ಹಪ್ಪಳ. ಊರಿನಲ್ಲಾಗಿದ್ದರೆ ಮಾಳಿಗೆ ಇತ್ತು, ಇಲ್ಲಿ ಬಾಲ್ಕನಿ. ಹಳೆಯ ಸೀರೆ ಹಾಸಿ ಹಪ್ಪಳ ಹಾಕಿದಳು. ಗಾಳಿಗೆ ಸೀರೆ ಎದ್ದು ಕಟಕಟೆಯ ಹೊರಗೆ ಹಾರಾಡಿತು. ಬಿಲ್ಡಿಂಗು ನೋಡಿಕೊಳ್ಳುವ ಸೂಪರ್ ಬಾಗಿಲು ತಟ್ಟಿ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಾಗಿಲ್ಲ ಅಂತ ಹೇಳಿ ಹೋದ. ಅವ್ವ ಸೀರೆ ತೆಗೆದಳು. ಮಣೆಯ ಮೇಲಿನ ಪ್ಲಾಸ್ಟಿಕ್ ಸರಿಸಿದಳು.

ನಾನು ಅಡ್ಡ ಬಂದೆ, ದೇವರಾಣೆ. ಅವ್ವಾ, ಅದು ಸರಕಾರದ ಪೇಪರು, ಅದರ ಮೇಲೆ ಏನೂ ಹಾಕಬಾರದು ಅಂದೆ. ಅಕ್ಷರದ ಮೇಲೆ ಹಪ್ಪಳ ಹಾಕಿದರೆ ಸರಸ್ವತಿ ಸುಮ್ಮನಿರುತ್ತಾಳಾ ಅಂತಲೂ ಕೇಳಿದೆ. ಅವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆ ತಿರುವುತ್ತ ಅಂದಳು: “ನಿನಗ ಅಕ್ಷರಾಭ್ಯಾಸ ಮಾಡಿಸಿದಾಗ ಅಕ್ಕಿ ಮ್ಯಾಲ ಅಕ್ಷರ ಬರಸಿದ್ವಿ. ಈಗ ಅಕ್ಷರದ ಮ್ಯಾಲ ಅಕ್ಕಿ ಹಾಕೀನಿ. ಏನು ಫರಕು?”

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬಂದು ಅವ್ವನಿಗೆ ಹೇಳಿ.

ಆ ವಾರಗಳಲ್ಲಿ ಅತಿ ಹೆಚ್ಚು ಮಿಕ್ಕಿದ್ದ ಸಂಚಿಕೆ ಯಾವುದೆಂದರೆ, ಪೇಪರಿನ ಬೀಜಿಂಗ್ ಯಜಮಾನರದ್ದು. ಯಜಮಾನರು ಎಲ್ಲೋ ಪ್ರವಾಸ ಹೋಗಿದ್ದರು. ಒಂದು ಪುಟ ತುಂಬ ಸಣ್ಣ ಸಣ್ಣ ಚೌಕದಲ್ಲಿ ಯಜಮಾನರೇ. ಬಂದರಿನಲ್ಲಿ ಯಜಮಾನರು, ಕಾರ್ಖಾನೆಯಲ್ಲಿ ಯಜಮಾನರು, ಸೇತುವೆಯ ಮೇಲೆ ಯಜಮಾನರು, ಹೆಲ್ಮೆಟ್ ಹಾಕಿದ ಯಜಮಾನರು. ಮಾರ್ಕಮ್‌ನಲ್ಲಿ ಯಾರೂ ಒಯ್ದಿರಲಿಲ್ಲ. ಒಂದೊಂದು ಚೌಕವೂ ಹಪ್ಪಳದ ಅಳತೆಗೆ ಬರೊಬ್ಬರಿ.

ಒಣಗಿದ ಹಪ್ಪಳ ಕಿತ್ತಾಗ ಒಂದೊಂದರ ಮೇಲೂ ಮಸುಕಾದ ಬೂದಿ ಬಣ್ಣ. ಎಣ್ಣೆಯಲ್ಲಿ ಹೋಗುತ್ತದೆ ಬಿಡು ಅಂತ ಅವ್ವ ಡಬ್ಬಿಗೆ ತುಂಬಿದಳು. ಒಂದಕ್ಕೆ ಚೀನೀ ಅಕ್ಷರಗಳು ಸ್ಪಷ್ಟವಾಗಿ ಹತ್ತಿದ್ದವು. ಅದನ್ನೆತ್ತಿ ನನ್ನ ಮುಖದೆದುರು ಹಿಡಿದಳು. “ನಿನ್ನ ತಲಿಗೆ ಹನ್ನೊಂದು ವರ್ಷ ಹತ್ತಲಿಲ್ಲ. ಅಕ್ಕಿಗೆ ಎರಡ ದಿನಕ್ಕ ಹತ್ತಿತು ನೋಡು.”

ಅತಿಥಿ

ಎಲ್ಲಾ ಸುರಳೀತ ಇದ್ದಾಗ ಮೀನಿನ ಅಂಗಡಿಯವನು ಅಡ್ಡ ಬಂದ. ಯಾರೋ ಅವನ ಅಂಗಡಿಯಲ್ಲಿ ನಮ್ಮ ಪೇಪರಿನಲ್ಲಿ ಮೀನು ಸುತ್ತಿದ್ದನ್ನು ನೋಡಿ ಮ್ಯಾನೇಜರಿಗೆ ಹೇಳಿದರಂತೆ. ಪೆಟ್ಟಿಗೆ ಅವನ ಬಾಜೂಕೇ ಇದೆ, ಪೇಪರು ಪುಕ್ಕಟೆ, ಅವನೇ ತೆಗೆದುಕೊಂಡಿರುತ್ತಾನೆ, ಇದಕ್ಕೆ ಪತ್ತೇದಾರಿಕೆ ಬೇಕೇ? ಆದರೆ ಮ್ಯಾನೇಜರು ಫೋನು ಮಾಡಿದ್ದು ನನಗೆ. ಮಿಕ್ಕಿದ ಪೇಪರು ಇಷ್ಟು ದಿನ ಆಫೀಸಿಗೆ ಬಂದೇ ಇಲ್ಲ, ಎಲ್ಲಿ ಮಾರಿದೆ ಅಂದರು.

ಮನೆಯಲ್ಲಿವೆ ಸರ್, ಮಣೆಯ ಮೇಲೆ ಇಟ್ಟಿದ್ದೇವೆ ಅಂದೆ. ನಂಬಲಿಲ್ಲ. ಭಾನುವಾರ ಬಂದು ಕಣ್ಣಾರೆ ನೋಡುತ್ತೇನೆ, ಇಲ್ಲದಿದ್ದರೆ ಸೋಮವಾರದಿಂದ ಬರಬೇಡ ಅಂದರು.

ಅಪ್ಪ ಎರಡು ವಿಷಯವನ್ನೂ ಕೇಳಿದ. ಕೆಲಸ ಹೋಗುತ್ತದೆ ಅನ್ನುವುದನ್ನು ಕೇಳಿ ಧಾರವಾಡಕ್ಕೆ ಫೋನು ಮಾಡಿ ಹಾಸಿಗೆ ತಯಾರಿದೆಯಾ ಅಂತ ವಿಚಾರಿಸಿದ. ಮ್ಯಾನೇಜರು ಮನೆಗೆ ಬರುತ್ತಾರೆ ಅನ್ನುವುದನ್ನು ಕೇಳಿ, ಮನೆಗೆ ಬಂದವರನ್ನು ಉಣ್ಣಿಸದೆ ಹೇಗೆ ಕಳಿಸುವುದು ಅಂತ ಅವ್ವನಿಗೆ ಬದನೆಕಾಯಿ ತಂದುಕೊಟ್ಟ. ಇಂಗ್ಲಿಷ್ ಮಾತಾಡಲು ಒಬ್ಬರಿರಲಿ ಅಂತ ಉಡುಪಿ ಅಂಕಲ್‌ರನ್ನೂ ಕರೆದ. ನನಗೆ ಹೇಳಿದ್ದು ಇಷ್ಟು: “ನೀ ಬಾಯಿ ತಗೀಬ್ಯಾಡ. ತಗದ್ಯೋ, ಧಾರವಾಡ.”

ಮ್ಯಾನೇಜರು ಕಿತ್ತಳೆ ಹಣ್ಣಿನ ಪೆಟ್ಟಿಗೆ ಹಿಡಿದು ಬಂದರು. ಬಾಗಿಲಲ್ಲೇ ಶೂ ಬಿಚ್ಚಿದರು, ಅವ್ವನಿಗೆ ಅಲ್ಲೇ ಅರ್ಧ ಮನಸ್ಸು ಕರಗಿತು. ಬಾಲ್ಕನಿಗೆ ಹೋಗಿ ಪ್ಲಾಸ್ಟಿಕ್ ಎತ್ತಿ ನೋಡಿದರು. ಪೇಪರುಗಳು ವಾರದ ಪ್ರಕಾರ ಮಡಿಕೆ ಮುರಿಯದೆ ಮಣೆಯ ಮೇಲೆ ಕೂತಿದ್ದವು. ಹಪ್ಪಳ ಹಾಕಿದ್ದ ಪುಟಗಳನ್ನು ಅವ್ವ ಒರೆಸಿ ಮತ್ತೆ ಒಳಗೇ ಸೇರಿಸಿದ್ದಳು. ಮ್ಯಾನೇಜರು, ಬೀಜಿಂಗಿನ ಆಫೀಸಿನಲ್ಲೂ ಇಷ್ಟು ಚೆನ್ನಾಗಿ ಇಡುವುದಿಲ್ಲ ಅಂದರು. ನಾನು ಅಪ್ಪನ ಕಡೆ ನೋಡಿದೆ. ನೋಡಿದೆಯಾ, ಖರೇ ಹೇಳಿದ್ದೆ ತಾನೆ, ಅಂತ ಕಣ್ಣಿನಲ್ಲೇ ಕೇಳಿದೆ. ಬಾಯಿ ತೆಗೆಯುವ ಹಾಗಿರಲಿಲ್ಲವಲ್ಲ.

ಅಲ್ಲಿಗೇ ಮುಗಿದಿದ್ದರೆ ನಾನು ಗೆದ್ದಿದ್ದೆ. ಊಟಕ್ಕೆ ಕೂತರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಚೆಂದಾಗಿ ಉಂಡರು. ಅನ್ನ ಬಂತು. ಅನ್ನದ ಹಿಂದೆ ಅವ್ವ, ಕರಿದ ಹಪ್ಪಳದ ತಾಟು ತಂದು ನಡುವೆ ಇಟ್ಟಳು.

ಮೊದಲು ನೋಡಿದವನು ನಾನು. ಒಣಗಿದಾಗ ಬರೀ ಮಸಿಯಂತಿದ್ದದ್ದು ಎಣ್ಣೆಗೆ ಬಿದ್ದು ಅರಳಿ ಅರಳಿ, ಮುಖವಾಗಿತ್ತು. ಮೇಲಿನ ಹಪ್ಪಳದಲ್ಲಿ ಯಜಮಾನರು. ಅದರ ಕೆಳಗೆ ಹೆಲ್ಮೆಟ್ ಹಾಕಿದ ಯಜಮಾನರು. ಕೆನ್ನೆ ಉಬ್ಬಿ, ಕಣ್ಣು ಒಂದೊಂದು ಕಡೆ ಹೋಗಿ, ತುಟಿ ಕಿವಿಯವರೆಗೆ ಹಿಗ್ಗಿತ್ತು. ತುಟಿಯ ನಡುವೆ ಹಪ್ಪಳದ ಗುಳ್ಳೆಗಳು ಸಾಲಾಗಿ ಎದ್ದಿದ್ದವು, ಬೆಳ್ಳಗೆ.

ನಾನು ಅಪ್ಪನಿಗೆ ಹುಬ್ಬು ಹಾರಿಸಿದೆ. ಅಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಅವ್ವನಿಗೆ ಕೈಸನ್ನೆ ಮಾಡಿದೆ. ಅವ್ವ ನನಗೇ ಒಂದು ಹಪ್ಪಳ ಹಾಕಿದಳು. ಬಾಯಿ ತೆಗೆಯಬೇಡ ಅಂದವನು ಅಪ್ಪನೇ, ಈಗ ಹೇಳಿ, ನಾನೇನು ಮಾಡಬೇಕಿತ್ತು?

ಉಡುಪಿ ಅಂಕಲ್ ತಮ್ಮ ಹಪ್ಪಳವನ್ನು ಬಾಯಿಗೆ ಒಯ್ದವರು ತಟ್ಟನೆ ಕೈ ತಡೆದರು. ಕಿಟಕಿಯ ಬೆಳಕಿಗೆ ಹಿಡಿದರು. ಕಿಸೆಯಿಂದ ಭೂತಗನ್ನಡಿ ತೆಗೆದರು. ಆಮೇಲೆ ಮೆಲ್ಲಗೆ ಎದ್ದು ನಿಂತರು. “ಹಲ್ಲು,” ಅಂದರು. “ಹಲ್ಲು ಕಾಣ್ತಾ ಉಂಟು ಮಾರಾಯ. ಪೂರಾ ಸಾಲೇ ಉಂಟು.”

ಮ್ಯಾನೇಜರು ಕನ್ನಡ ತಿಳಿಯದೆ, ಏನು ನೋಡುತ್ತಿದ್ದಾರೆ ಅಂತ ಕುತ್ತಿಗೆ ಚಾಚಿದರು. ಎದುರಿಗೆ ತಮ್ಮ ಯಜಮಾನರು, ಎಣ್ಣೆ ಸುರಿಸುತ್ತ, ಹಲ್ಲು ಕಿಸಿದು ನಗುತ್ತಿದ್ದರು. ಕೆಳಗೆ ತಾಟಿನ ತುಂಬ ಯಜಮಾನರು.

ಆ ಮನುಷ್ಯನ ಮುಖದ ಮೇಲೆ ಅವರ ನಿಯಮಗಳೆಲ್ಲ ಒಂದೊಂದಾಗಿ ಹಾದು ಹೋದದ್ದನ್ನು ನಾನು ನೋಡಿದೆ. ಮುರಿಯುವ ಹಾಗಿಲ್ಲ. ನೆಲಕ್ಕೆ ಹಾಕುವ ಹಾಗಿಲ್ಲ. ಕಸಕ್ಕೆ ಎಸೆಯುವ ಹಾಗಿಲ್ಲ. ಹೊರಗಿನವರ ಕೈಯಲ್ಲಿ ಬಿಟ್ಟು ಹೋಗುವ ಹಾಗಂತೂ ಇಲ್ಲವೇ ಇಲ್ಲ. ಅವರು ಎದ್ದು, ಅಂಕಲ್‌ರ ಕೈಯಿಂದ ಹಪ್ಪಳವನ್ನು ಎರಡೂ ಕೈಯಿಂದ ತೆಗೆದುಕೊಂಡು, ಒಂದು ಕ್ಷಣ ತಲೆ ಬಗ್ಗಿಸಿ, ಇಡಿಯಾಗಿ ಬಾಯಿಗೆ ತುರುಕಿಕೊಂಡರು.

“ಅದು ನನ್ನದು,” ಅಂದರು ಅಂಕಲ್.

ಅಷ್ಟರಲ್ಲಿ ಮ್ಯಾನೇಜರು ಹೆಲ್ಮೆಟ್ಟಿನವರಿಗೆ ಕೈ ಹಾಕಿದ್ದರು. ಅಪ್ಪನ ತಾಟಿನಿಂದ ತೆಗೆದರು, ನನ್ನ ತಾಟಿನಿಂದ ತೆಗೆದರು. ಅವ್ವನ ಕಣ್ಣು ತುಂಬಿ ಬಂತು. “ಪಾಪ, ಮನಿ ಬಿಟ್ಟು ಒಬ್ಬನ ಇರತಾನ, ಹಪ್ಪಳ ಯಾರು ಕರದು ಕೊಡಬೇಕು,” ಅಂತ ಒಳಗೆ ಓಡಿ ಇನ್ನಷ್ಟು ಕರಿದು ತಂದಳು. ಅವರು ಬಾಯಿ ತುಂಬಿಕೊಂಡು ಬೇಡ ಬೇಡ ಅಂತ ಕೈ ಅಡ್ಡ ಹಿಡಿದರು. ನಮ್ಮ ಕಡೆ ಅತಿಥಿ ಕೈ ಅಡ್ಡ ಹಿಡಿದರೆ ಇನ್ನೊಂದು ಹಾಕು ಅಂತಲೇ ಅರ್ಥ. ಅವ್ವ ಹಾಕುತ್ತ ಹೋದಳು, ಅವರು ತಿನ್ನುತ್ತ ಹೋದರು. ಬಂದರು ಹೋಯಿತು, ಕಾರ್ಖಾನೆ ಹೋಯಿತು, ಸೇತುವೆ ಹೋಯಿತು. ಪೂರಾ ಪ್ರವಾಸವನ್ನು ಅವರೊಬ್ಬರೇ ಮುಗಿಸಿದರು.

ಕೊನೆಗೆ ನೀರು ಕುಡಿದು, ಇನ್ನೂ ಇವೆಯಾ ಅಂತ ಕೇಳಿದರು. ಅವ್ವ ಹಿಗ್ಗಿ ಹೀರೇಕಾಯಿಯಾಗಿ, ಕರಿಯದೆ ಉಳಿದಿದ್ದ ಡಬ್ಬಿಯನ್ನೇ ತಂದು ಕೈಗಿಟ್ಟಳು. ಅವರು ಅದನ್ನು ಎದೆಗವಚಿಕೊಂಡು ಹೊರಟರು. ಲಿಫ್ಟಿನವರೆಗೆ ಬಿಡಲು ಹೋದ ನನಗೆ, ಮೆಲ್ಲಗೆ, “ನಿನ್ನನ್ನು ಕೆಲಸದಿಂದ ತೆಗೆಯಬೇಕು. ತೆಗೆದರೆ ಬೀಜಿಂಗಿಗೆ ಕಾರಣ ಬರೆಯಬೇಕು. ಆ ಕಾರಣವನ್ನು ನಾನು ಬರೆಯಲಾರೆ. ಶುಕ್ರವಾರ ಬಾ,” ಅಂದರು.

ಹೀಗೆ ನನ್ನ ಕೆಲಸ ಉಳಿಯಿತು, ಧಾರವಾಡ ತಪ್ಪಿತು. ನನ್ನ ಪ್ರಾಮಾಣಿಕತೆಯಿಂದ ಉಳಿಯಿತು ಅಂತ ಯಾರಾದರೂ ಅಂದರೇ? ಅವ್ವನ ಹಪ್ಪಳದಿಂದ ಉಳಿಯಿತು ಅಂತ ಅಪ್ಪ ಇಡೀ ಕನ್ನಡ ಸಂಘಕ್ಕೆ ಹೇಳಿದ.

ಇಷ್ಟಾದ ಮೇಲೆ ಸುಳ್ಳಿನ ಸಹವಾಸವೇ ಬೇಡ ಅನ್ನಿಸಿ, ಮರುದಿನ ಲಿಫ್ಟಿನಲ್ಲಿ ಸಿಕ್ಕ ಉಡುಪಿ ಅಂಕಲ್‌ಗೆ ಎಲ್ಲ ಬಿಡಿಸಿ ಹೇಳಿದೆ. ಅಂಕಲ್, ಹಲ್ಲಿನ ಶಾಸ್ತ್ರ ಅನ್ನುವುದು ಇಲ್ಲವೇ ಇಲ್ಲ, ನಾನೇ ಹುಟ್ಟಿಸಿದ್ದು, ಅದು ಬರೀ ಹಪ್ಪಳದ ಗುಳ್ಳೆ ಅಂತ. ನನ್ನ ಜೀವಮಾನದಲ್ಲೇ ಅಷ್ಟು ಖರೇ ನಾನು ಒಮ್ಮೆಗೇ ಹೇಳಿದ್ದಿಲ್ಲ.

ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಲಿಫ್ಟಿನಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು.

“ನಿನ್ನ ಬಾಯಿ ಕಟ್ಟಿದ್ದಾರೆ, ನನಗೆ ಗೊತ್ತಾಗ್ತದೆ ಮಾರಾಯ. ಸುಳ್ಳಾಗಿದ್ದರೆ ಆ ಮನುಷ್ಯ ಅಷ್ಟು ದೂರದಿಂದ ಬಂದು, ಸಾಕ್ಷಿಯನ್ನೆಲ್ಲ ತಿಂದು ಹೋಗ್ತಿದ್ದನಾ?”